ಲ್ಯಾಬಿನ ಡಬ್ಬಿ

ಆ ಡಬ್ಬಿ ಬಂದ ಮೇಲೆ ಇಂದುಮತಿಯ ಮನೆಯಲ್ಲಿ ಒಗ್ಗರಣೆಯ ಸದ್ದು ಮತ್ತೆ ಕೇಳತೊಡಗಿತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದ ಒಂಟಿ ಹೆಂಗಸು, ಅಲ್ಲಿಯವರೆಗೆ ಮೊಸರನ್ನ ಕಲಸಿಕೊಂಡು ದಿನ ದೂಡುತ್ತಿದ್ದಳು. ಹಾರ್ಮೋನುಗಳು ಮೂಳೆಗೆ ಕ್ಯಾಲ್ಸಿಯಂ ಹೇಗೆ ಸೇರಿಸುತ್ತವೆ ಎಂಬ ಸಂಶೋಧನೆಯಲ್ಲಿ ಭಾಗವಹಿಸಲು ಹೆಸರು ಕೊಟ್ಟಳು. ನಿಯಮ ಒಂದೇ: ಮಧ್ಯಾಹ್ನ ತಾನು ಏನು, ಎಷ್ಟು ಉಣ್ಣುತ್ತಾಳೋ ಅಷ್ಟನ್ನೇ ಲ್ಯಾಬಿನ ಡಬ್ಬಿಗೂ ಹಾಕಿಕೊಡಬೇಕು. ಅಲ್ಲಿ ಅದನ್ನು ಅರೆದು ಕ್ಯಾಲ್ಸಿಯಂ ಅಳೆಯುತ್ತಾರೆ. ಡಬ್ಬಿಯ ಮರ್ಯಾದೆಗಾದರೂ ಹುಳಿ, ಪಲ್ಯ ಮಾಡಬೇಕಾಯಿತು.

ಮೊದಮೊದಲು ಲ್ಯಾಬಿನ ಹುಡುಗಿ ಬಂದು ಒಯ್ಯುತ್ತಿದ್ದಳು. ಈಚೆಗೆ ಸಂಶೋಧನೆ ನಡೆಸುವ ಡಾಕ್ಟರೇ ಬರುತ್ತಿದ್ದರು, ಇಸ್ತ್ರಿ ಕಾಣದ ಅಂಗಿಯಲ್ಲಿ.

"ಇವತ್ತೇನು ಮಾಡಿದೀರಿ?"

"ದಂಟಿನ ಸೊಪ್ಪಿನ ಹುಳಿ. ಈ ಸ್ಟಡಿ ಇನ್ನೂ ಎಷ್ಟು ದಿನ ಇರತ್ತೆ, ಡಾಕ್ಟ್ರೇ?" ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು ಅವಳಿಗೆ.

"ಇನ್ನೂ ಬೇಕಾದಷ್ಟಿದೆ," ಎಂದರು ಡಾಕ್ಟರು, ತಮ್ಮ ಚಪ್ಪಲಿಯನ್ನೇ ನೋಡುತ್ತ.

ಅಷ್ಟರಲ್ಲಿ ಫೋನು ಬಂತು. ಲ್ಯಾಬಿನ ಹುಡುಗಿ. ಅವಳ ದನಿ ಬಾಗಿಲವರೆಗೂ ಕೇಳುತ್ತಿತ್ತು.

"ಆಂಟಿ, ಸ್ಟಡಿ ಹೋದ ತಿಂಗಳೇ ಮುಗೀತಲ್ಲ, ನಮ್ಮ ಡಬ್ಬಿ ನಿಮ್ಮಲ್ಲೇ ಉಳ್ಕೊಂಡಿದೆ. ವಾಪಸ್ ಕೊಡ್ತೀರಾ?"

ಡಬ್ಬಿಗೆಂದು ಚಾಚಿದ್ದ ಡಾಕ್ಟರ ಕೈ ಅಲ್ಲೇ ನಿಂತಿತು. ಕಿವಿ ಕೆಂಪಾಯಿತು.

ಇಂದುಮತಿ ಫೋನಿಟ್ಟು, ಬಿಸಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಒಳಗೆ ತಿರುಗಿದಳು.

"ಡಬ್ಬಿ ವಾಪಸ್ ಕೇಳ್ತಿದಾರೆ. ತಟ್ಟೆಗೇ ಬಡಿಸ್ತೀನಿ, ಕೈ ತೊಳ್ಕೊಂಡು ಬನ್ನಿ."