ಬೋರಿನ ಪಾಲಿನ ಬೆಲ್ಲ

ಯುಗಾದಿಯ ಬೆಳಗ್ಗೆ ಹುಲಿಗೆಮ್ಮ ಮನೆಗೆ ಬಂದ ಬೆಲ್ಲವನ್ನೆಲ್ಲ ಬಿಸಿನೀರಿನಲ್ಲಿ ಕರಗಿಸಿ, ತಂಬಿಗೆ ಹಿಡಿದು ಬೋರಿನ ಮುಂದಿನ ಸಾಲಿನಲ್ಲಿ ನಿಂತಳು. ಚಿನ್ನದ ಗಣಿಯ ಪಾಷಾಣ ನೆಲದ ನೀರಿಗೆ ಇಳಿದಂದಿನಿಂದ ಊರಿನ ಬೆಲ್ಲವೆಲ್ಲ, ನೀರು ಶುದ್ಧವಾಗಲೆಂದು ಬೋರಿಗೆ ಬಿಟ್ಟ ಹುಳಗಳದ್ದೇ. ಕಣ್ಣಿಗೆ ಕಾಣದ ಆ ಹುಳಗಳು ಬೆಲ್ಲ ಉಂಡು ಬಲಿಯಬೇಕು, ಬಲಿತು ಪಾಷಾಣ ತಿನ್ನಬೇಕು. ಹಬ್ಬಕ್ಕೆ ಮನುಷ್ಯರಿಗೆ ಬರೀ ಬೇವು.

ಬೋರು ನೋಡಿಕೊಳ್ಳುವ ಮೌನೇಶ ನೀರಿನಲ್ಲಿ ಕಾಗದದ ಚೂರು ಅದ್ದಿದ. ವಿಷ ಇದ್ದರೆ ಕೆಂಪಾಗುವ ಕಾಗದ ಇವತ್ತೂ ಕೆಂಪಾಯಿತು.

“ಹುಳ ಸತ್ತಾವೇನಪ್ಪಾ?” ಹುಲಿಗೆಮ್ಮ ಕೇಳಿದಳು.

“ಇಲ್ಲಕ್ಕ, ಚಂದಾಗಿ ಬೆಳದಾವ. ಬೆಲ್ಲದ ರುಚಿ ಹತ್ತೈತಿ. ಈಗ ಪಾಷಾಣ ಮುಟ್ಟವಲ್ವು.”

“ಹಂಗಾರ ನಾಳಿಂದ ಹಾಕಬ್ಯಾಡೇನು?”

“ಹಾಕದಿದ್ರ ಸಾಯ್ತಾವ. ಇವನ್ನ ಬಿಟ್ರ ನಮಗ ಯಾರದಾರಕ್ಕ?”

ಹುಲಿಗೆಮ್ಮ ತಂಬಿಗೆಯನ್ನು ಬೋರಿನ ಬಾಯಿಗೆ ಬಗ್ಗಿಸಿದಳು. ತಳಕ್ಕೆ ಅಂಟಿದ್ದನ್ನೂ ತೊಳೆದು ಸುರಿದಳು. ಊರಲ್ಲಿ ಬೇರೆ ನೀರಿರಲಿಲ್ಲ. ಅಲ್ಲೇ ಕೊಡ ತುಂಬಿಕೊಂಡು ಮನೆಗೆ ಬಂದಳು.

ಅತ್ತೆ ಬೇವಿನ ಹೂವು ಅಗಿಯುತ್ತ ಕೂತಿದ್ದಳು.

“ಹುಳ ಉಂಡ್ವೇನವ್ವಾ?”

“ಉಂಡ್ವು, ಅತ್ತಿ.”

“ಹೊಟ್ಟಿ ತುಂಬ ಉಣ್ಣಲಿ ಬಿಡು. ಬರೋ ಯುಗಾದಿಗೆ ನಾವೂ ಉಂಡೇವು.”

ಕಹಿ ತಾಳಲಾರದೆ ಅತ್ತೆ ಕೈಚಾಚಿದಳು. ಹುಲಿಗೆಮ್ಮ ಈಗಷ್ಟೇ ತಂದ ಕೊಡದಿಂದ ಲೋಟ ತುಂಬಿ ಕೊಟ್ಟಳು. ಅತ್ತೆ ಗಟಗಟ ಕುಡಿದಳು.

“ಎಷ್ಟು ಸೀ ಆಗ್ಯಾವ ನೋಡವ್ವಾ ನೀರು! ಇನ್ನೊಂದು ಲೋಟ ಕೊಡು.”

ಹುಲಿಗೆಮ್ಮ ಕೊಟ್ಟಳು.