ಎಡಗಡೆಯ ಸೀಟು

ರೆಕ್ಕೆಗಳ ತುದಿಗೂ ಮೂತಿಗೂ ಆಂಟೆನಾ ಕೂರಿಸಿದ್ದ ಪುಟ್ಟ ತರಬೇತಿ ವಿಮಾನ ಬಯಲಿನಲ್ಲಿ ನಿಂತಿತ್ತು. ಉಪಗ್ರಹಗಳ ಸಂಕೇತ ಹಿಡಿದು ವಿಮಾನ ಎತ್ತ ವಾಲಿದೆ ಎಂದು ಹೇಳುವ ಉಪಕರಣಕ್ಕೆ ಅಂದು ಕಡೆಯ ಪರೀಕ್ಷೆ. ನಿಂತ ವಿಮಾನಕ್ಕೆ ಅದು ಸೊನ್ನೆ ತೋರಿಸದಿದ್ದರೆ ಎಂಜಿನಿಯರ್ ಇಂದುಮತಿಯ ವರ್ಷಗಳ ದುಡಿಮೆ ಮಣ್ಣುಪಾಲು.

ಎಡಗಡೆಯ ಪೈಲಟ್ ಸೀಟಿನಲ್ಲಿ ಕೂತು ಈ ವಿಮಾನ ಹಾರಿಸುತ್ತಿದ್ದ, ಹೋದ ತಿಂಗಳು ತೀರಿಕೊಂಡ ಕ್ಯಾಪ್ಟನ್ ಆ ಉಪಕರಣವನ್ನು ಕೊನೆಯವರೆಗೂ ನಂಬಿರಲಿಲ್ಲ. "ಅಷ್ಟು ಮೇಲಿರೋ ಉಪಗ್ರಹಕ್ಕೆ ನಾನು ವಾಲಿದ್ದು ಹೇಗಮ್ಮ ಗೊತ್ತಾಗುತ್ತೆ?" ಎಂದು ನಗುತ್ತಿದ್ದರು.

"ನೀವು ಸೀಟಲ್ಲಿ ಕೂತು ಆ ಬದಿ ತುಸು ತಗ್ಗಿದ್ರೂ ಗೊತ್ತಾಗುತ್ತೆ ಸರ್," ಎನ್ನುತ್ತಿದ್ದಳು ಅವಳು.

ಈಗ ಲ್ಯಾಪ್‌ಟಾಪಿನ ಪರದೆಯಲ್ಲಿ ವಿಮಾನ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು.

"ನಂಜುಂಡ, ಪೈಲಟ್ ಸೀಟಿಂದ ಇಳಿಯಪ್ಪ, ಸೊನ್ನೆ ನೋಡ್ಬೇಕು," ಎಂದು ಇಂದುಮತಿ ಕೂಗಿದಳು.

"ನಾನಿಲ್ಲೇ ಇದೀನಲ್ಲ ಮೇಡಂ," ಎಂದು ಬೆನ್ನ ಹಿಂದಿನಿಂದ ಮೆಕ್ಯಾನಿಕ್ ನಂಜುಂಡನ ದನಿ ಬಂತು. "ಒಳಗೆ ಯಾರೂ ಇಲ್ಲ. ಚಕ್ರದ ಗಾಳಿನೂ ಈಗ್ತಾನೆ ನೋಡ್ದೆ, ಎರಡೂ ಕಡೆ ಸಮ ಇದೆ."

ಅವಳು ಖಾಲಿ ಸೀಟನ್ನೇ ನೋಡುತ್ತ ನಿಂತಳು.

"ಈಗ ನಂಬಿಕೆ ಬಂತಾ ಸರ್?" ಎಂದಳು ಮೆಲ್ಲಗೆ.

ಪರದೆಯ ಮೇಲಿನ ವಿಮಾನ ನಿಧಾನವಾಗಿ ನೆಟ್ಟಗಾಗಿ, ಸೊನ್ನೆಯಲ್ಲಿ ನಿಂತಿತು.