ಕೆಂಪಿನೊಳಗಿನ ಅರ್ಧ ಪದ್ಯ

ಬಣ್ಣದ ಫೋಟೋಗಳಿಗೆ ದನಿ ಇರುತ್ತದೆ, ಬಣ್ಣ ತೆಗೆದರೆ ದನಿಯೂ ಹೋಗುತ್ತದೆ. ಹಾಗಾಗಿ ಫೋಟೋಗಳ ಬಣ್ಣ ತೆಗೆದುಕೊಡುವ ಗದಗಿನ ದಸ್ತಗೀರನ ಸ್ಟುಡಿಯೋಗೆ ಬರುವವರಲ್ಲಿ ನಿದ್ದೆಗೆಟ್ಟವರೇ ಹೆಚ್ಚು.

ನೀಲವ್ವ ತಂದದ್ದು ಕಪ್ಪತಗುಡ್ಡದ ಚಿತ್ರ. ತೆಗೆದವಳು ಅವಳ ಅಕ್ಕ ಗಂಗವ್ವ, ಈಗಿಲ್ಲ. ಕ್ಯಾಮೆರಾ ಹಿಡಿದಾಗಲೂ ದೇವರ ಪದ್ಯ ಹೇಳಿಕೊಳ್ಳುತ್ತಿದ್ದವಳು.

"ಇಷ್ಟ ಚಂದ ಹೇಳ್ಯಾಳ, ಬಾಯಿ ಯಾಕ ಮುಚ್ಚಸ್ತಿ ಯವ್ವಾ?" ಎಂದ ದಸ್ತಗೀರ.

"ಪದ್ಯ ಅರ್ಧಕ್ಕ ನಿಲ್ಲತೈತಿ ಅಣ್ಣ. ಉಳಿದರ್ಧ ಹೇಳಾಕ ಮಗಳು ಬಂದಳು ಅಂತ ನಮ್ಮವ್ವ ಬಾಗಿಲಾ ತಗದು ನಿಲ್ತಾಳ. ಊಟಾನೂ ಬಿಟ್ಟಾಳ."

ದಸ್ತಗೀರ ನೀಲಿ ತೆಗೆದ, ಗಾಳಿ ನಿಂತಿತು. ಆಕಾಶವನ್ನು ಕಪ್ಪಾಗಿಸಿ ಮೋಡಗಳನ್ನು ಬೆಳ್ಳಗೆ ಎಬ್ಬಿಸಿದ. ಹಸಿರು ತೆಗೆದ, ನವಿಲು ಸುಮ್ಮನಾಯಿತು. ಕೊನೆಗೆ ಗುಡ್ಡದ ಕೆಂಪು ಮಣ್ಣು ಉಳಿಯಿತು, ಅದರೊಳಗೆ ಗಂಗವ್ವನ ದನಿ.

ಕೊನೆಯ ಬಣ್ಣ ತೆಗೆಯುವ ಮುಂಚೆ ಗಿರಾಕಿ ಆ ದನಿಯನ್ನು ಒಮ್ಮೆ ಕೇಳಿಬಿಡಬೇಕು. ಅದು ಆ ಕಸುಬಿನ ವಾಡಿಕೆ.

"ತಗದ್ರ ತಿರುಗಿ ಬರೂದಿಲ್ಲ ನೋಡು," ಎಂದ.

ನೀಲವ್ವ ಪುರಾಣಕ್ಕೆ ಕೂತವಳಂತೆ ತಲೆಗೆ ಸೆರಗು ಹೊದ್ದು ಕೈಮುಗಿದಳು. ದನಿ ಏರಿತು, ಎಂದಿನಂತೆ ನಡುವೆ ನಿಂತಿತು. ನಿಂತಲ್ಲಿಂದಲೇ ನೀಲವ್ವ ಪದ್ಯ ಎತ್ತಿಕೊಂಡಳು. ಅದೇ ರಾಗ, ಗಂಟಲು ಮಾತ್ರ ತುಸು ಒಡಕು. ಪದ್ಯ ಮುಗಿಯುವವರೆಗೆ ದಸ್ತಗೀರನ ಬೆರಳು ಮೌಸಿನ ಮೇಲೆ ಸುಮ್ಮನೆ ಇತ್ತು.

"ಇದನ್ನ ಇಟ್ಟಬಿಡಲೇನು?" ಎಂದು ಕೇಳಿದ.

"ಬ್ಯಾಡ, ತಗಿ ಅಣ್ಣ," ಎಂದಳು. "ಇನ್ನ ಅವ್ವಗ ಪೂರ್ತಿ ಪದ್ಯ ನಾನ ಹೇಳತೀನಿ."